ಪಿಕಪ್ ಪಾಟಾಕ್ಕೆ ಏರ್ ಬೆಲ್ಲೋ: ಟ್ರೇಲರ್ ಎಳೆಯುವವರಿಗೆ ಆಯ್ಕೆ, ಜೋಡಣೆ, ಹವಾ ಲೆಕ್ಕ

ಜನರೇಟರ್ ಟ್ರೇಲರ್, ಬಾವಿ ಕೆಲಸದ ಕಂಪ್ರೆಸರ್, ಸ್ಲ್ಯಾಬ್ ಹಾಕುವ ಮಿಕ್ಸರ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಪಿಕಪ್ ಹಿಂದೆ ಕಟ್ಟುವುದು ಹೆಚ್ಚಾಗಿ ಇಂಥವೇ. ಹಿಂದೆ ಟ್ರೇಲರ್, ಬಾಡಿಯಲ್ಲಿ ಕೇಬಲ್, ಡೀಸೆಲ್ ಬ್ಯಾರಲ್, ಮೇಲೆ ನಾಲ್ಕು ಜನ. ಪಾಟಾ (ಎಲೆ ಎಲೆಯಾಗಿ ಜೋಡಿಸಿದ ಸ್ಪ್ರಿಂಗ್ ಪಟ್ಟಿ) ಚಪ್ಪಟೆಯಾಗುತ್ತದೆ, ಗಾಡಿ ಹಿಂದೆ ಕುಳಿತು ಮೂತಿ ಮೇಲೆತ್ತುತ್ತದೆ. ಹೆಡ್‌ಲೈಟು ಎದುರಿನವರ ಕಣ್ಣಿಗೆ ಬಡಿಯುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ, ತಗ್ಗು ಬಂದಾಗಲೆಲ್ಲ ಹಿಂದಿನ ಆಕ್ಸಲ್ಲಿನ ಹೌಸಿಂಗ್ ಹೋಗಿ ಚಾಸಿಗೆ ಗುದ್ದುತ್ತದೆ.

ಇದಕ್ಕೆ ಪಾಟಾ ಸೆಟ್ಟಿಗೆ ಇನ್ನೊಂದು ಎಲೆ ಸೇರಿಸುವುದು ನಮ್ಮ ಕಡೆಯ ರೂಢಿ. ಭಾರ ಇದ್ದಾಗ ಅದು ಸರಿ, ಖಾಲಿ ಬರುವಾಗ ಗಾಡಿ ಕುದುರೆಯಾಗುತ್ತದೆ. ಹಿಂದಿನ ಹೌಸಿಂಗ್‌ಗೂ ಚಾಸಿಗೂ ನಡುವೆ ಎರಡು ರಬ್ಬರ್ ಬೆಲ್ಲೋ ಕೂಡಿಸಿ, ಭಾರಕ್ಕೆ ತಕ್ಕಂತೆ ಹವಾ ಏರಿಸಿ ಇಳಿಸುವುದು ಇನ್ನೊಂದು ದಾರಿ. ಬಸ್ ಗ್ಯಾರೇಜಿನವರು ಬಲೂನ್ ಅನ್ನುವ ವಸ್ತುವಿನದೇ ಸಣ್ಣ ರೂಪ ಇದು. ಪಾಟಾ ತೆಗೆಯುವುದಿಲ್ಲ, ಅದರ ಜೊತೆಗೇ ಬೆಲ್ಲೋ ಕೆಲಸ ಮಾಡುತ್ತದೆ.

ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು ಒಂದೇ. ಬೆಲ್ಲೋ ಗಾಡಿಯ ಎತ್ತರವನ್ನು ಸರಿಪಡಿಸುತ್ತದೆ, ತೂಕವನ್ನಲ್ಲ. ಹೌಸಿಂಗ್, ಬೇರಿಂಗ್, ಟಯರ್, ಚಾಸಿ, ಬ್ರೇಕು ಎಲ್ಲವೂ ಮೊದಲು ಎಷ್ಟು ಹೊರುತ್ತಿದ್ದವೋ ಅಷ್ಟೇ ಹೊರುತ್ತವೆ. ಬೆಲ್ಲೋ ಹಾಕಿದ ಗಾಡಿ ಕೂರುವುದಿಲ್ಲವಾದ್ದರಿಂದ ಓವರ್‌ಲೋಡ್ ಕಣ್ಣಿಗೆ ಕಾಣುವುದೇ ಇಲ್ಲ. ಅಪಾಯ ಇರುವುದು ಅಲ್ಲೇ.

ಮೊದಲು ಕಾಟಾ, ಆಮೇಲೆ ಕಿಟ್

ಎಲ್ಲ ಟ್ರೇಲರಿಗೂ ಬೆಲ್ಲೋ ಬೇಕಿಲ್ಲ. ನಾಲ್ಕು ಗಾಲಿಯ, ಮುಂದಿನ ಆಕ್ಸಲ್ ತಿರುಗುವ ಟ್ರೇಲರ್ ತನ್ನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ. ಹುಕ್ಕಿನ ಮೇಲೆ ಬೀಳುವುದು ಬರೀ ಎಳೆ ಸಲಾಕಿಯ ತೂಕ. ಅಂಥದ್ದನ್ನು ಎಳೆಯುವಾಗ ಪಿಕಪ್ ಕೂರುತ್ತಿದ್ದರೆ ತಪ್ಪು ಬಾಡಿಯೊಳಗಿನ ಹೇರಿನದು. ಒಂದೇ ಆಕ್ಸಲ್ಲಿನ ಟ್ರೇಲರ್ ಹಾಗಲ್ಲ, ಮೂಕಿ (ಹುಕ್ಕಿಗೆ ಸಿಗಿಸುವ ಮುಂದಿನ ತುದಿ) ಭಾರವನ್ನು ಗಾಡಿಯ ಮೇಲೆ ಹಾಕುತ್ತದೆ. ಚಕ್ಕಡಿಯಲ್ಲಿ ಮುಂಭಾರ ಹಿಂಭಾರ ನೋಡಿ ಹೇರುವ ಹಾಗೆ ಇಲ್ಲೂ ನೋಡಬೇಕು. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲಿರಬೇಕು. 10ಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಓಲಾಡುತ್ತದೆ. ಗಾಡಿ ಕೂರುತ್ತದೆಂದು ಜನರೇಟರನ್ನು ಹಿಂದಕ್ಕೆ ಸರಿಸಿ ಕಟ್ಟುವವರು ಈ ಓಲಾಟವನ್ನು ಕೈಯಾರೆ ತಂದುಕೊಳ್ಳುತ್ತಾರೆ.

ಅಳೆಯುವುದು ಕಷ್ಟವಲ್ಲ. ಕಬ್ಬಿನ ಸೀಮೆಯಲ್ಲಿ ಗಾಡಿ ತೂಗುವ ಕಾಟಾಕ್ಕೆ ಬರವಿಲ್ಲ. ಕಾಟಾದ ಮೇಲೆ ನಾಲ್ಕು ತೂಕ ಹಿಡಿಸಿ: ಟ್ರೇಲರ್ ಒಂದೇ, ಸಾಮಾನು, ಜನ ಸಮೇತ ಪಿಕಪ್ ಒಂದೇ, ಟ್ರೇಲರ್ ಕಟ್ಟಿ ಪಿಕಪ್ಪಿನ ನಾಲ್ಕು ಗಾಲಿ ಮಾತ್ರ ತಟ್ಟೆಯ ಮೇಲೆ, ಅದೇ ಸ್ಥಿತಿಯಲ್ಲಿ ಹಿಂದಿನ ಎರಡು ಗಾಲಿ ಮಾತ್ರ. ಮೂರನೆಯದರಲ್ಲಿ ಎರಡನೆಯದನ್ನು ಕಳೆದರೆ ಮೂಕಿ ಭಾರ. ನಾಲ್ಕನೆಯದು ಹಿಂದಿನ ಆಕ್ಸಲ್ ನಿಜವಾಗಿ ಹೊರುತ್ತಿರುವ ತೂಕ. ಕಾಟಾ ದೂರವಿದ್ದರೆ ಮನೆಯ ತೂಕದ ಯಂತ್ರವೂ ಆದೀತು. ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದು ತುದಿಯನ್ನು ಯಂತ್ರದ ಮೇಲೂ ಇಡಿ. ಎರಡಕ್ಕೂ ನಡುವೆ 3 ಅಡಿ ಅಂತರವಿರಲಿ. ಇಟ್ಟಿಗೆಯಿಂದ 1 ಅಡಿ ದೂರದಲ್ಲಿ ಹಲಗೆಯ ಮೇಲೆ ಮೂಕಿಯನ್ನು ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಟ್ರೇಲರ್ ಸಮತಟ್ಟಾಗಿ, ಹುಕ್ಕಿನ ಎತ್ತರದಲ್ಲೇ ಇರಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಮೂಕಿ ಭಾರ 180 ಕೆಜಿ ಬಂತೆನ್ನಿ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 180 ಅಲ್ಲ, ಅದಕ್ಕಿಂತ ಹೆಚ್ಚು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 3 ಮೀಟರ್, ಹಿಂದಿನ ಗಾಲಿಯಿಂದ ಹುಕ್ಕಿಗೆ 1.2 ಮೀಟರ್ ಇದ್ದರೆ 180 × 4.2 ÷ 3, ಅಂದರೆ 252 ಕೆಜಿ ಹಿಂದೆ ಬೀಳುತ್ತದೆ, ಮುಂದಿನ ಆಕ್ಸಲ್ಲಿನಿಂದ 72 ಕೆಜಿ ಎದ್ದುಹೋಗುತ್ತದೆ. ಬೆಲ್ಲೋಗೆ ಎಷ್ಟು ಹವಾ ತುಂಬಿದರೂ ಆ 72 ಕೆಜಿ ಮುಂದಿನ ಗಾಲಿಗೆ ಮರಳುವುದಿಲ್ಲ. ಮೂತಿ ಕೆಳಗಿಳಿದಂತೆ ಕಂಡರೂ ಸ್ಟೇರಿಂಗ್ ಹಗುರಾಗಿಯೇ ಉಳಿಯುತ್ತದೆ. ಅದನ್ನು ಕಡಿಮೆ ಮಾಡುವ ಉಪಾಯ ಎರಡು: ಹುಕ್ಕನ್ನು ಹಿಂದಿನ ಗಾಲಿಗೆ ಆದಷ್ಟು ಹತ್ತಿರ ಇಡುವುದು, ಬಾಡಿಯಲ್ಲಿ ಭಾರದ ಸಾಮಾನನ್ನು ಕ್ಯಾಬಿನ್ ಗೋಡೆಗೆ ಒತ್ತಿ ಹೇರುವುದು.

ಹಿಂದಿನ ಆಕ್ಸಲ್ಲಿನ ತೂಕ ಗಾಡಿಯ ಪ್ಲೇಟಿನಲ್ಲೋ ಪುಸ್ತಕದಲ್ಲೋ ಬರೆದ ಮಿತಿಯನ್ನು ದಾಟಿದ್ದರೆ ಬೆಲ್ಲೋ ಮಾತು ಅಲ್ಲಿಗೇ ಬಿಡಿ, ಭಾರ ಇಳಿಸಿ. ಮಿತಿಯೊಳಗಿದ್ದೂ ಗಾಡಿ ಕೂರುತ್ತಿದ್ದರೆ ಮಾತ್ರ ಮುಂದಿನ ಮಾತು.

ಪಾಟಾ ಸೋತಿದ್ದರೆ ಮೊದಲು ಅದನ್ನೇ ರಿಪೇರಿ ಮಾಡಿಸಿ. ಮುರಿದ ಎಲೆ, ಕತ್ತರಿಸಿದ ಸೆಂಟರ್ ಬೋಲ್ಟ್, ತಿಂದುಹೋದ ಶಾಕಲ್ (ಪಾಟಾದ ಹಿಂತುದಿಯ ಕೊಂಡಿ) ಬುಷ್ ಇದ್ದ ಗಾಡಿಗೆ ಬೆಲ್ಲೋ ಹಾಕಿದರೆ ಹೌಸಿಂಗ್ ಹಿಂದೆ ಮುಂದೆ ಜಾರುವುದು ತಪ್ಪುವುದಿಲ್ಲ. ಹೌಸಿಂಗನ್ನು ಅದರ ಜಾಗದಲ್ಲಿ ಹಿಡಿದಿಡುವುದು ಪಾಟಾ, ಬೆಲ್ಲೋ ಅಲ್ಲ.

ಯಾವ ಬೆಲ್ಲೋ

ಪಾಟಾ ಇರುವ ಪಿಕಪ್ಪಿಗೆ ಎರಡು ಮಡಿಕೆಯ ಬೆಲ್ಲೋ ಸರಿಯಾದದ್ದು. ಏರ್ ಲಿಫ್ಟ್ ಕಂಪನಿಯ ಲೋಡ್‌ಲಿಫ್ಟರ್ 5000, ಫೈರ್‌ಸ್ಟೋನ್ ಕಂಪನಿಯ ರೈಡ್-ರೈಟ್ ಈ ಜಾತಿಯವು. ಎರಡರ ಒತ್ತಡ 5ರಿಂದ 100 ಪಿಎಸ್ಐ (ಹವಾ ಒತ್ತಡದ ಅಳತೆ), ಜೋಡಿಯ ಸಾಮರ್ಥ್ಯ 5000 ಪೌಂಡ್, ಅಂದರೆ ಸುಮಾರು 2270 ಕೆಜಿ. ಈ ಅಂಕಿಯನ್ನು ಗಾಡಿ ಹೊರಬಹುದಾದ ಭಾರವೆಂದು ಓದಬೇಡಿ. ಅದು ರಬ್ಬರಿನ ತಾಕತ್ತು. ಹಿಂದೆ ಕಾಯಿಲ್ ಸ್ಪ್ರಿಂಗ್ ಇರುವ ದೊಡ್ಡ ಕಾರುಗಳಿಗೆ ಕಾಯಿಲ್ ಒಳಗೇ ಕೂರುವ ಕೊಳವೆಯಂಥ ಚೀಲ ಬರುತ್ತದೆ. ಏರ್ ಲಿಫ್ಟ್ 1000 ಅಂಥದ್ದು. ಅದರ ಮಿತಿ 35 ಪಿಎಸ್ಐ ಮಾತ್ರ.

ಒಳಗೆ ರಬ್ಬರ್ ಗುಟ್ಟ ಇರುವ ಬೆಲ್ಲೋ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಲೋಡ್‌ಲಿಫ್ಟರ್ 5000 ಅಲ್ಟಿಮೇಟ್ ಹಾಗಿರುತ್ತದೆ. ಬೆಲ್ಲೋ ಕೂಡಿಸಲು ಚಾಸಿಗಿದ್ದ ಬಂಪ್ ಸ್ಟಾಪ್ ರಬ್ಬರನ್ನು ತೆಗೆಯಬೇಕಾಗುತ್ತದೆ. ಆಮೇಲೆ ದಾರಿಯಲ್ಲಿ ಬೆಲ್ಲೋ ಹರಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಒಳಗೆ ಗುಟ್ಟ ಇದ್ದರೆ ಅದೇ ಹೊಡೆತ ತಡೆಯುತ್ತದೆ.

ಇಸುಜು ಡಿ-ಮ್ಯಾಕ್ಸ್, ಟೊಯೊಟಾ ಹೈಲಕ್ಸ್ ಹೊರದೇಶಗಳಲ್ಲೂ ಓಡುವ ಗಾಡಿಗಳಾದ್ದರಿಂದ ಅವಕ್ಕೆ ಅಳತೆಯ ಕಿಟ್ ಸಿಗುತ್ತದೆ. ಆದರೂ ಪಾಟಾ ಹೌಸಿಂಗಿನ ಮೇಲಿದೆಯೋ ಕೆಳಗಿದೆಯೋ, ಗಾಡಿ ಟೂ ವೀಲ್ ಡ್ರೈವೋ ಫೋರ್ ವೀಲ್ ಡ್ರೈವೋ ನೋಡಿ ಆರ್ಡರ್ ಮಾಡಿ. ಬ್ರಾಕೆಟ್ ಬೇರೆಯಾಗುತ್ತದೆ. ಬೊಲೆರೊ ಪಿಕಪ್, ಟಾಟಾ ಯೋಧದಂಥ ಗಾಡಿಗಾದರೆ ಬೆಲ್ಲೋ ತರಿಸಿ ಬ್ರಾಕೆಟ್ಟನ್ನು ಇಲ್ಲೇ ಮಾಡಿಸುವ ಪ್ರಸಂಗ ಬರುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ತಗಡು ಕತ್ತರಿಸಿ, ಬಗ್ಗಿಸಿ ಕೊಡುವವರಿಗೆ ಕೊರತೆಯಿಲ್ಲ. ಹೋಗುವ ಮುನ್ನ ಈ ಅಳತೆಗಳು ಕೈಯಲ್ಲಿರಲಿ: ಖಾಲಿ ಗಾಡಿ ನೆಲದ ಮೇಲಿರುವಾಗ ಹೌಸಿಂಗ್ ಮೇಲ್ಮೈಯಿಂದ ಚಾಸಿಯ ತಳಕ್ಕೆ ಎಷ್ಟು, ಹೇರು ತುಂಬಿದಾಗ ಎಷ್ಟು, ಚಾಸಿಯ ಅಗಲ ಎಷ್ಟು, ಟಯರಿನ ಒಳಮೈಗೂ ಚಾಸಿಗೂ ಅಂತರ ಎಷ್ಟು. ಬೆಲ್ಲೋ ಕಂಪನಿ ಕೊಟ್ಟ ಅತಿ ಕಡಿಮೆ ಹಾಗೂ ಅತಿ ಹೆಚ್ಚಿನ ಎತ್ತರದ ನಡುವೆ ಈ ಅಂತರ ಬರಬೇಕು. ತಗಡು 6 ಮಿಲಿಮೀಟರಿಗಿಂತ ತೆಳ್ಳಗೆ ಬೇಡ.

ಗುಜರಿಯಲ್ಲಿ ಸಿಕ್ಕ ಬಸ್ಸಿನ ಬೆಲ್ಲೋ ಹಾಕಿಸುವ ಯೋಚನೆ ಅನೇಕರಿಗೆ ಬರುತ್ತದೆ. ಬೇಡ ಅನ್ನುವುದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಹವಾ ಒತ್ತುವ ಮುಖ 5 ಇಂಚು ವ್ಯಾಸದ್ದಾದರೆ ಒಂದು ಪಿಎಸ್ಐ ಸುಮಾರು 9 ಕೆಜಿ ಎತ್ತುತ್ತದೆ. 10 ಇಂಚಿನದಾದರೆ 35 ಕೆಜಿಗೂ ಮೇಲೆ. ಪಿಕಪ್ಪಿನ ಪಕ್ಕಕ್ಕೆ ಬೇಕಾದ ನೂರಿನ್ನೂರು ಕೆಜಿ ಆ ದೊಡ್ಡ ಬೆಲ್ಲೋಗೆ ನಾಲ್ಕೈದು ಪಿಎಸ್ಐನಲ್ಲೇ ಮುಗಿದುಹೋಗುತ್ತದೆ. ಅಷ್ಟು ಕಡಿಮೆ ಹವಾದಲ್ಲಿ ರಬ್ಬರ್ ಸಡಿಲಾಗಿ ಮಡಚಿಕೊಂಡು ತನ್ನನ್ನೇ ತಿಕ್ಕಿ ಹರಿದುಕೊಳ್ಳುತ್ತದೆ.

ಎರಡು ಬೆಲ್ಲೋಗೆ ಒಂದೇ ಪೈಪೋ, ಬೇರೆ ಬೇರೆಯೋ? ಬೇರೆ ಬೇರೆಯೇ. ಟೀ (ಮೂರು ಬಾಯಿಯ ಫಿಟ್ಟಿಂಗು) ಹಾಕಿ ಎರಡನ್ನೂ ಕೂಡಿಸಿದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಹವಾ ಆಚೆ ಕಡೆಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ಒಂದು ಕಡೆ ಸೋರಿದರೆ ಎರಡೂ ಕೂರುತ್ತವೆ. ಪೈಪು ಬೇರೆಯಿದ್ದರೆ ಒಂದು ಪಕ್ಕಕ್ಕೆ ಹೆಚ್ಚು ಹೇರಿದಾಗ ಆ ಪಕ್ಕಕ್ಕೆ ನಾಲ್ಕು ಪಿಎಸ್ಐ ಹೆಚ್ಚು ಕೊಟ್ಟು ಸಮ ಮಾಡಬಹುದು.

ಗಾಡಿಯಲ್ಲೇ ಕೂರುವ ಸಣ್ಣ ಕಂಪ್ರೆಸರ್ ಅನುಕೂಲದ್ದು ಹೌದು, ಆದರೆ ವಾರಕ್ಕೊಮ್ಮೆ ಟ್ರೇಲರ್ ಎಳೆಯುವವರಿಗೆ ದಂಡದ ಖರ್ಚು. ಗೇಜ್ ಇರುವ ಕಾಲು ಪಂಪು ಸಾಕು. ಏರ್ ಬ್ರೇಕಿನ ದೊಡ್ಡ ಲಾರಿಯವರು ಮಾತ್ರ ಒಂದು ಮಾತು ನೆನಪಿಡಬೇಕು: ಬ್ರೇಕ್ ಟ್ಯಾಂಕಿನಿಂದ ಬೆಲ್ಲೋಗೆ ನೇರ ಪೈಪು ಎಳೆಯಬಾರದು. ನಡುವೆ ಪ್ರೆಷರ್ ಪ್ರೊಟೆಕ್ಷನ್ ವಾಲ್ವ್ ಇಲ್ಲದಿದ್ದರೆ ಬೆಲ್ಲೋ ಹರಿದ ಗಳಿಗೆಯಲ್ಲೇ ಬ್ರೇಕಿನ ಹವಾವೂ ಹೋಗುತ್ತದೆ.

ಕೂಡಿಸುವ ಕೆಲಸ

ಕಿಟ್ಟಿನಲ್ಲಿ ಬೆಲ್ಲೋ ಎರಡು, ಮೇಲಿನ ಕೆಳಗಿನ ಬ್ರಾಕೆಟ್ ಎರಡೆರಡು, ರಬ್ಬರ್ ಅಂಚಿಗೆ ತಾಗದಂತೆ ತಡೆಯುವ ದುಂಡು ತಟ್ಟೆ, ಯು ಬೋಲ್ಟ್ ಅಥವಾ ಉದ್ದ ಬೋಲ್ಟ್, ಕಾಲು ಇಂಚಿನ ನೈಲಾನ್ ಪೈಪು, ಒತ್ತಿದರೆ ಕೂರುವ ಫಿಟ್ಟಿಂಗು, ಟಯರ್ ವಾಲ್ವಿನಂಥ ವಾಲ್ವ್ ಎರಡು, ಸೈಲೆನ್ಸರ್ ಪಕ್ಕಕ್ಕೆ ಶಾಖ ತಡೆಯುವ ತಗಡು ಇರುತ್ತವೆ. ನಿಮ್ಮ ಕಡೆಯಿಂದ ಬೇಕಾದದ್ದು ಜಾಕ್ ಎರಡು, ಗಟ್ಟಿ ಸ್ಟ್ಯಾಂಡ್ ಎರಡು, ಪಾನಾ ಸೆಟ್ಟು, ಟಾರ್ಕ್ ಪಾನಾ, ಹೊಸ ಬ್ಲೇಡು, ಪ್ಲಾಸ್ಟಿಕ್ ಟೈ, ಸಾಬೂನು ನೀರು. ಇಬ್ಬರಿದ್ದರೆ ಅರ್ಧ ದಿನದ ಕೆಲಸ. ಗಾಡಿಯ ತಳ ಹಿಂದಿನ ದಿನವೇ ತೊಳೆಸಿ. ಎರೆಮಣ್ಣು ಒಣಗಿ ಕಲ್ಲಾದ ಬೋಲ್ಟಿಗೆ ಪಾನಾ ಕೂರುವುದಿಲ್ಲ.

ಗಾಡಿ ಎತ್ತುವ ಮೊದಲು, ಖಾಲಿ ಇರುವಾಗ, ನಾಲ್ಕೂ ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು ಎತ್ತರ ಅಂತ ಅಳೆದು ಬರೆದಿಡಿ. ಮುಂದೆ ಹವಾ ಹೊಂದಿಸಲು ಇದೇ ಆಧಾರ.

ಮುಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಅಥವಾ ಕಟ್ಟಿಗೆ ಕೊಡಿ. ಹ್ಯಾಂಡ್ ಬ್ರೇಕು ಹಿಂದಿನ ಗಾಲಿಯದು, ಗೇರು ತಿರುಗಿಸುವುದೂ ಹಿಂದಿನದನ್ನೇ. ಹಿಂದೆ ಎತ್ತಿದ ಮೇಲೆ ಎರಡೂ ಉಪಯೋಗಕ್ಕಿಲ್ಲ. ಚಾಸಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಹೌಸಿಂಗ್ ಕೆಳಗೆ ಇನ್ನೊಂದು ಜಾಕ್ ಇಟ್ಟು ನಿಧಾನಕ್ಕೆ ಇಳಿಸಿ. ಹೌಸಿಂಗ್ ಇಳಿಯುವಾಗ ಬ್ರೇಕ್ ಹೋಸ್ ಬಿಗಿಯಾಗುತ್ತಿದೆಯೇ, ಎಬಿಎಸ್ ವೈರ್ ಎಳೆಯುತ್ತಿದೆಯೇ ನೋಡುತ್ತಿರಿ. ಶಾಕ್ ಅಬ್ಸಾರ್ಬರ್ ಬಿಚ್ಚಬೇಡಿ. ಹೌಸಿಂಗ್ ಅತಿಯಾಗಿ ಇಳಿಯದಂತೆ ತಡೆಯುವುದು ಅದೇ.

ಬಂಪ್ ಸ್ಟಾಪ್ ತೆಗೆದು ಡಬ್ಬಿಯಲ್ಲಿ ಎತ್ತಿಡಿ, ಬಿಸಾಕಬೇಡಿ. ಈಗ ಬೆಲ್ಲೋವನ್ನು ಮೇಜಿನ ಮೇಲಿಟ್ಟು ಜೋಡಿಸಿ. ಹವಾ ಫಿಟ್ಟಿಂಗನ್ನು ಈ ಹಂತದಲ್ಲೇ ಹಾಕಿ, ಗಾಡಿಗೆ ಕೂಡಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಕೈಯಿಂದ ಬಿಗಿಯಾದ ಮೇಲೆ ಪಾನಾದಿಂದ ಒಂದೂವರೆ ಸುತ್ತು ಸಾಕು. ಜೋರು ಮಾಡಿದರೆ ಬೆಲ್ಲೋದ ತೂತೇ ಸೀಳುತ್ತದೆ. ಬೆಲ್ಲೋ ತಟ್ಟೆಯ ಬೋಲ್ಟುಗಳಿಗೆ ಬಹುತೇಕ ಕಿಟ್ಟುಗಳಲ್ಲಿ 27 ನ್ಯೂಟನ್ ಮೀಟರ್ ಆಸುಪಾಸು ಬಿಗಿತ ಹೇಳಿರುತ್ತಾರೆ. ನಿಮ್ಮ ಕಿಟ್ಟಿನ ಕಾಗದ ನೋಡಿ ಅದನ್ನೇ ಪಾಲಿಸಿ. ಒಳಗಿನ ನಟ್ ರಬ್ಬರಿಗೆ ಅಂಟಿರುತ್ತದೆ. ಬೋಲ್ಟ್ ಬಿಗಿಯುವ ಗನ್ ಹಚ್ಚಿ ಬಿಗಿದರೆ ನಟ್ ಸುತ್ತತೊಡಗಿ ಬೆಲ್ಲೋ ಕೆಲಸಕ್ಕೆ ಬಾರದಾಗುತ್ತದೆ.

ಜೋಡಿಸಿದ್ದನ್ನು ಚಾಸಿ ಮತ್ತು ಹೌಸಿಂಗ್ ನಡುವೆ ತೂರಿಸಿ, ಬೋಲ್ಟುಗಳನ್ನೆಲ್ಲ ಕೈಯಿಂದಷ್ಟೇ ತಿರುಗಿಸಿ ಸಡಿಲ ಬಿಡಿ. ಕೆಳಗಿನ ಬ್ರಾಕೆಟ್ ಹೌಸಿಂಗಿಗೆ ಬಿಗಿಯುವಾಗ ಬ್ರೇಕ್ ಪೈಪಿನ ಕಡೆ ಎರಡು ಸಲ ನೋಡಿ. ಹೌಸಿಂಗಿನ ಮೈಮೇಲೆ ಹಾದುಹೋಗುವ ಆ ಕಬ್ಬಿಣದ ಪೈಪು ಬ್ರಾಕೆಟ್ ಅಡಿ ಸಿಕ್ಕಿ ಚಪ್ಪಟೆಯಾಗುವುದು ಈ ಕೆಲಸದಲ್ಲಿ ಆಗುವ ಅತಿ ಕೆಟ್ಟ ತಪ್ಪು, ಅದೂ ತಕ್ಷಣ ಗೊತ್ತಾಗುವುದಿಲ್ಲ. ಪೈಪಿನ ಕ್ಲಿಪ್ ಬಿಚ್ಚಿ, ಮಡಿಕೆ ಬೀಳದಂತೆ ಕೈಯಿಂದ ತುಸು ಸರಿಸಿ, ಆಮೇಲೆ ಬ್ರಾಕೆಟ್ ಕೂರಿಸಿ.

ಚಾಸಿಗೆ ತೂತು ಬೇಕೆಂದು ಕಿಟ್ ಹೇಳಿದರೆ ನಿಂತ ಗೋಡೆಯಲ್ಲಷ್ಟೇ ಕೊರೆಯಿರಿ. ಮೇಲಿನ ಕೆಳಗಿನ ಅಡ್ಡ ಪಟ್ಟಿಗೆ ತೂತು ಹಾಕಬಾರದು, ಭಾರದ ಎಳೆತ ಇರುವುದು ಅಲ್ಲಿಯೇ. ವೆಲ್ಡಿಂಗ್ ಅಂತೂ ಬೇಡವೇ ಬೇಡ. ವೆಲ್ಡ್ ಮಾಡಿದ ಅಂಚಿನಿಂದಲೇ ಚಾಸಿ ಸೀಳು ಬಿಡುತ್ತದೆ. ಕೊರೆಯುವ ಮುನ್ನ ಒಳಗೆ ವೈರೂ ಪೈಪೂ ಇಲ್ಲವೆಂದು ಕೈಹಾಕಿ ನೋಡಿ. ಕೊರೆದ ಮೇಲೆ ಅಂಚು ತಿಕ್ಕಿ ಪ್ರೈಮರ್ ಬಳಿಯಿರಿ.

ಇನ್ನು ಹೌಸಿಂಗನ್ನು ಜಾಕ್‌ನಿಂದ ಮೇಲಕ್ಕೆತ್ತಿ, ಗಾಡಿ ಖಾಲಿ ನಿಂತಾಗ ಇರುವ ಎತ್ತರಕ್ಕೆ ತನ್ನಿ. ಬೆಲ್ಲೋ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಲ್ಲುವಂತೆ ಬ್ರಾಕೆಟ್ ಸರಿಸಿ. ಹವಾ ತುಂಬಿದಾಗ ಬೆಲ್ಲೋ ಸುತ್ತ ಕನಿಷ್ಠ 12 ಮಿಲಿಮೀಟರ್ ಜಾಗ ಬೇಕು, 25 ಇದ್ದರೆ ನಿಶ್ಚಿಂತೆ. ಟಯರ್, ಪಾಟಾ, ಬ್ರೇಕ್ ಪೈಪು, ಸೈಲೆನ್ಸರ್ ಯಾವುದಕ್ಕೂ ತಾಗಬಾರದು. ಎಲ್ಲ ಸರಿ ಕಂಡ ಮೇಲೆ ಬೋಲ್ಟು ಬಿಗಿಯಿರಿ.

ಸೋರಿಕೆ ಬರುವುದು ಹೆಚ್ಚಾಗಿ ಪೈಪು ಕತ್ತರಿಸಿದ ರೀತಿಯಿಂದ. ಕತ್ತರಿ, ಪಕ್ಕಡದಿಂದ ಕತ್ತರಿಸಿದರೆ ಪೈಪಿನ ಬಾಯಿ ಮೊಟ್ಟೆಯಾಕಾರವಾಗಿ ಫಿಟ್ಟಿಂಗಿನ ಒಳ ರಿಂಗು ಹಿಡಿಯುವುದಿಲ್ಲ. ಹೊಸ ಬ್ಲೇಡಿನಿಂದ ನೇರ ಅಡ್ಡಕ್ಕೆ ಒಂದೇ ಏಟಿಗೆ ಕತ್ತರಿಸಿ, ತುದಿಯಿಂದ 14 ಮಿಲಿಮೀಟರ್‌ಗೆ ಪೆನ್ನಿನಲ್ಲಿ ಗುರುತು ಹಾಕಿ, ಗುರುತು ಮುಚ್ಚುವವರೆಗೆ ಒತ್ತಿ, ಹಿಂದಕ್ಕೆಳೆದು ನೋಡಿ. ಸೈಲೆನ್ಸರಿನಿಂದ ಪೈಪು 15 ಸೆಂಟಿಮೀಟರ್ ದೂರವಿರಲಿ. ತಿರುವಿನಲ್ಲಿ ಮುರಿದಂತೆ ಬಗ್ಗಿಸಬೇಡಿ. ಚಾಸಿಯ ತೂತಿನಲ್ಲಿ ಹಾಯುವಲ್ಲಿ ರಬ್ಬರ್ ಬುಷ್ ಹಾಕಿ. ಒಂದೊಂದು ಅಡಿಗೆ ಟೈ ಕಟ್ಟಿ, ಆದರೆ ಬ್ರೇಕ್ ಪೈಪಿಗೋ ಡೀಸೆಲ್ ಪೈಪಿಗೋ ಕಟ್ಟಬೇಡಿ. ಹೌಸಿಂಗ್ ಏರಿಳಿಯುವಷ್ಟು ಸಡಿಲ ಬಿಡಿ. ವಾಲ್ವುಗಳನ್ನು ನಂಬರ್ ಪ್ಲೇಟಿನ ಪಕ್ಕ ಎಡಬಲಕ್ಕೆ ಒಂದೊಂದರಂತೆ ಕೂರಿಸಿದರೆ ಯಾವ ಕಡೆಯದು ಯಾವುದೆಂಬ ಗೊಂದಲವಿಲ್ಲ.

ಗಾಡಿ ಇಳಿಸುವ ಮುನ್ನ ಎರಡಕ್ಕೂ 10 ಪಿಎಸ್ಐ ಕೊಡಿ, ಇಲ್ಲವಾದರೆ ಖಾಲಿ ರಬ್ಬರ್ ಮಡಚಿ ಸಿಕ್ಕಿಕೊಳ್ಳುತ್ತದೆ. ಹೆಚ್ಚಿನ ಹವಾ ಗಾಲಿ ನೆಲಕ್ಕೆ ತಾಗಿದ ಮೇಲೆಯೇ. ಆಗ 70ಕ್ಕೆ ಏರಿಸಿ, ಒಂದು ಪಾಲು ಪಾತ್ರೆ ತೊಳೆಯುವ ಸಾಬೂನಿಗೆ ನಾಲ್ಕು ಪಾಲು ನೀರು ಬೆರೆಸಿ ಪ್ರತಿ ಜೋಡಣೆಗೂ ಚಿಮುಕಿಸಿ. ಗುಳ್ಳೆ ಬಂದಲ್ಲಿ ಪೈಪು ಬಿಚ್ಚಿ ಮತ್ತೆ ಕತ್ತರಿಸಿ ಹಾಕಿ. 24 ತಾಸಿನ ನಂತರ ಅಳೆದಾಗ 2ರಿಂದ 4 ಪಿಎಸ್ಐ ಇಳಿದಿರುವುದು ಸಹಜ. ಗೇಜ್ ಹಚ್ಚಿದಾಗಲೇ ಸ್ವಲ್ಪ ಹೋಗುತ್ತದೆ, ಬೆಲ್ಲೋದೊಳಗಿನ ಜಾಗ ಅಷ್ಟು ಚಿಕ್ಕದು. 5ಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

100 ಕಿಲೋಮೀಟರ್ ಓಡಿದ ಮೇಲೊಮ್ಮೆ, 800 ಆದ ಮೇಲೊಮ್ಮೆ ಎಲ್ಲ ಬೋಲ್ಟು ಮತ್ತೆ ಬಿಗಿಯಿರಿ.

ಹವಾ ಎಷ್ಟು

ಹಿಂದಿನ ಲೆಕ್ಕಕ್ಕೇ ಬನ್ನಿ. ಟ್ರೇಲರಿನಿಂದ ಹಿಂದಿನ ಆಕ್ಸಲ್ಲಿಗೆ ಬಂದದ್ದು 252 ಕೆಜಿ, ಒಂದು ಪಕ್ಕಕ್ಕೆ 126. ಪಿಎಸ್ಐಗೆ 9 ಕೆಜಿಯಂತೆ 14 ಪಿಎಸ್ಐ. ಖಾಲಿ ಇದ್ದಾಗಲೂ ಇರಲೇಬೇಕಾದ 5 ಸೇರಿಸಿದರೆ 19. ಇಷ್ಟೇ. ಪಂಕ್ಚರ್ ಅಂಗಡಿಯವನು ಕೇಳಿದಾಗ ಟಯರಿನ ಹಾಗೆ 60, 70 ಪೌಂಡ್ (ಪಿಎಸ್ಐ) ಹಾಕು ಅಂದುಬಿಟ್ಟರೆ ಎರಡೂ ಬೆಲ್ಲೋ ಸೇರಿ ಸಾವಿರದಿನ್ನೂರು ಕೆಜಿ ಮೇಲಕ್ಕೆ ನೂಕುತ್ತವೆ. ಆಗ ಪಾಟಾ ಕೆಲಸವನ್ನೇ ಬಿಡುತ್ತದೆ, ಗಾಡಿ ಎರಡು ಚೆಂಡಿನ ಮೇಲೆ ನಿಂತಂತಾಗುತ್ತದೆ.

ರೀತಿ ಹೀಗಿರಲಿ: 10 ಪಿಎಸ್ಐ ಇಟ್ಟುಕೊಂಡು ಹೇರಿ, ಟ್ರೇಲರ್ ಕಟ್ಟಿ, ಎತ್ತರ ಅಳೆಯಿರಿ. ಐದೈದು ಏರಿಸುತ್ತ ಪ್ರತಿ ಸಲ ಅಳೆಯಿರಿ. ಖಾಲಿ ಎತ್ತರಕ್ಕಿಂತ ಒಂದರಿಂದ ಒಂದೂವರೆ ಇಂಚು ಕೆಳಗೇ ನಿಲ್ಲಿಸಿ. ಪೂರಾ ಸಮ ಮಾಡುವ ಆಸೆ ಬೇಡ, ಕಾರಣ ಮುಂದಿದೆ. ಆ ಟ್ರೇಲರಿಗೆ ಎಷ್ಟು ಹವಾ ಅಂತ ಬಾಗಿಲ ಒಳಗೆ ಬರೆದಿಟ್ಟರೆ ಮುಂದಿನ ಸಲ ಲೆಕ್ಕ ಬೇಡ. ಬಂಕಿನ ಟಯರ್ ಪೈಪು ಹಚ್ಚಿದರೆ ಒಂದೆರಡು ಉಸಿರಿನಲ್ಲೇ ಮಿತಿ ದಾಟುತ್ತದೆ. ಚುಟುಕು ಚುಟುಕಾಗಿ ಬಿಡಿಸಿ.

ಟ್ರೇಲರ್ ಬಿಚ್ಚಿದ ಮೇಲೆ ಹವಾ ಇಳಿಸಿ, ಆದರೆ 5ಕ್ಕಿಂತ ಕೆಳಗೆ ಎಂದೂ ಬೇಡ. ಸೊನ್ನೆಯಲ್ಲಿ ಓಡಿಸಿದ ಬೆಲ್ಲೋ ಬೇಗ ಹರಿಯುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಲೆಕ್ಕ. ವಿಜಯಪುರದಲ್ಲಿ ಬೆಳಗಿನ ಜಾವ 20 ಡಿಗ್ರಿಯಲ್ಲಿ 60 ಪಿಎಸ್ಐ ಹಾಕಿದ್ದು ಮಧ್ಯಾಹ್ನ 42 ಡಿಗ್ರಿಗೆ ಸುಮಾರು 65 ಆಗುತ್ತದೆ. 20ರಲ್ಲಿಟ್ಟರೆ ಏರಿಕೆ ಎರಡೂವರೆಯಷ್ಟೇ. ಕಡಿಮೆ ಹವಾ ಇಟ್ಟವರಿಗೆ ಬಿಸಿಲಿನ ಚಿಂತೆಯೂ ಕಡಿಮೆ.

ಬ್ರೇಕಿನ ವಿಷಯ

ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಎಣ್ಣೆ ಒತ್ತಡ ಹೋಗಬೇಕೆಂದು ತೀರ್ಮಾನಿಸುವ ವಾಲ್ವ್ ಒಂದು ಚಾಸಿಯ ಮೇಲಿರುತ್ತದೆ. ಅದರಿಂದ ಹೌಸಿಂಗಿಗೆ ಒಂದು ಸಲಾಕಿ. ಗಾಡಿ ಕುಳಿತರೆ ಭಾರ ಇದೆಯೆಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಎದ್ದು ನಿಂತರೆ ಖಾಲಿಯೆಂದು ಕಡಿಮೆ ಮಾಡುತ್ತದೆ. ಎಲ್‌ಎಸ್‌ಪಿವಿ ಅನ್ನುವುದು ಇದನ್ನೇ.

ಬೆಲ್ಲೋ ಗಾಡಿಯನ್ನು ಪೂರಾ ಎತ್ತಿ ನಿಲ್ಲಿಸಿದರೆ ಈ ವಾಲ್ವ್ ಮೋಸಹೋಗುತ್ತದೆ. ಹಿಂದೆ ಟನ್‌ಗಟ್ಟಲೆ ಭಾರ, ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ. ನಿಲ್ಲಿಸುವ ಕೆಲಸವೆಲ್ಲ ಮುಂದಿನ ಬ್ರೇಕಿಗೆ, ಅದೂ ಮೂಕಿ ಭಾರದಿಂದ ಹಗುರಾದ ಮುಂದಿನ ಗಾಲಿಗೆ. ವಂಟಮುರಿ ಘಾಟಿನಲ್ಲೋ ಗೋವಾ ದಾರಿಯ ಚೋರ್ಲಾ ಘಾಟಿನಲ್ಲೋ ಬ್ರೇಕಿಲ್ಲದ ಟ್ರೇಲರ್ ಕಟ್ಟಿ ಇಳಿಯುವಾಗ ಮುಂದಿನ ಪ್ಯಾಡು ಸುಟ್ಟ ವಾಸನೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಒಂದೂವರೆ ಇಂಚು ಕುಳಿತಿರಲಿ ಅಂದದ್ದು ಇದಕ್ಕಾಗಿ: ವಾಲ್ವಿಗೆ ಭಾರ ಇರುವುದು ತಿಳಿಯಬೇಕು.

ಸಲಾಕಿಯನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವ ಉಪಾಯ ಕೆಲವು ಕಡೆ ಹೇಳಿಕೊಡುತ್ತಾರೆ. ಹಾಗೆ ಮಾಡಿದರೆ ಖಾಲಿ ಬರುವಾಗ ಹಿಂದಿನ ಗಾಲಿ ಜಾಮಾಗಿ ಗಾಡಿ ಅಡ್ಡ ತಿರುಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಹೊಂದಿಸಲೇಬೇಕಾದರೆ ಪ್ರೆಷರ್ ಗೇಜ್ ಇರುವ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿ. ಕೂಡಿಸುವಾಗ ಬೆಲ್ಲೋ ಬ್ರಾಕೆಟ್ ಈ ಸಲಾಕಿಗೆ ತಾಗದಂತೆಯೂ ನೋಡಿ.

ಚಾಸಿ ಎಲ್ಲಿ ಬಾಗುತ್ತದೆ

ಪಾಟಾ ತನ್ನ ಭಾರವನ್ನು ಚಾಸಿಗೆ ಎರಡು ಕಡೆ ಒಪ್ಪಿಸುತ್ತದೆ, ಮುಂದಿನ ಹ್ಯಾಂಗರಿನಲ್ಲಿ ಮತ್ತು ಹಿಂದಿನ ಶಾಕಲ್ಲಿನಲ್ಲಿ. ಚಾಸಿಯನ್ನು ಆ ಎರಡು ಜಾಗ ನೋಡಿಯೇ ಕಟ್ಟಿರುತ್ತಾರೆ. ಬೆಲ್ಲೋ ಅದೇ ಭಾರವನ್ನು ಎರಡರ ನಡುವೆ, ಹೌಸಿಂಗಿನ ನೇರ ಮೇಲೆ, ಒಂದೇ ಕಡೆ ಒತ್ತುತ್ತದೆ. ಹವಾ ಹೆಚ್ಚಿದಷ್ಟೂ ಭಾರ ಪಾಟಾದಿಂದ ಆ ಒಂದು ಜಾಗಕ್ಕೆ ಬರುತ್ತದೆ. ಹಿಂದೆ ಉದ್ದಕ್ಕೆ ಚಾಚಿದ ಹುಕ್ಕು, ಅದರ ಮೇಲೆ ಮೂಕಿ ಭಾರ, ದಾರಿಯಲ್ಲಿ ತಗ್ಗು. ಟ್ರೇಲರ್ ಒಮ್ಮೆ ಜಿಗಿದು ಬಿದ್ದಾಗ ಚಾಸಿ ಬೆಲ್ಲೋ ಮೇಲೆ ಇಟ್ಟ ಕೋಲಿನಂತೆ ಬಾಗುತ್ತದೆ. ಎರಡು ಕ್ಯಾಬಿನ್ನಿನ ಪಿಕಪ್‌ಗಳಲ್ಲಿ ಹಿಂದಿನ ಬಾಡಿ ಆಕ್ಸಲ್ಲಿಗಿಂತ ಹಿಂದಕ್ಕೇ ಹೆಚ್ಚು ಚಾಚಿರುವುದರಿಂದ ಈ ಅಪಾಯ ಹೆಚ್ಚು.

ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿಯನ್ನು ಆಗಾಗ ನೋಡಿ. ಮೇಲೂ ಕೆಳಗೂ ಅದು ಒಂದೇ ಸಮ ಇರಬೇಕು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತಿದ್ದರೆ ಚಾಸಿ ಬಾಗತೊಡಗಿದೆ. ಬ್ರಾಕೆಟ್ ಸುತ್ತ ಪೇಂಟು ಗೆರೆಬಿಟ್ಟು ತುಕ್ಕಿನ ಎಳೆ ಕಂಡರೂ ಹಾಗೆಯೇ. ಕಬ್ಬಿನ ಹಂಗಾಮಿನಲ್ಲಿ ಹಾಳಾದ ಒಳದಾರಿಗಳಲ್ಲಿ ವೇಗ ಇಳಿಸುವುದು ಹವಾ ಏರಿಸುವುದಕ್ಕಿಂತ ಅಗ್ಗದ ಪರಿಹಾರ.

ಕಾಗದದ ಮಾತು

ಆರ್‌ಸಿಯಲ್ಲಿ ಬರೆದ ಒಟ್ಟು ತೂಕವೇ ಕಾನೂನು, ಬೆಲ್ಲೋ ಹಾಕಿದರೂ ಅದು ಬದಲಾಗುವುದಿಲ್ಲ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ಹೇಳುತ್ತದೆ. ಗಾಡಿಯ ಮೂಲ ರಚನೆ ಬದಲಿಸುವುದನ್ನು 52ನೇ ಕಲಂ ನಿಯಂತ್ರಿಸುತ್ತದೆ. ಕೂಡಿಸುವ ಮುನ್ನ ನಿಮ್ಮ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ. ಟ್ರೇಲರಿಗೆ ಬೇರೆ ನೋಂದಣಿ ಬೇಕು.

ನೋಡಿಕೊಳ್ಳುವುದು

ವಾಟರ್ ಸರ್ವಿಸ್‌ಗೆ ಬಿಟ್ಟಾಗ ಪಾಟಾಕ್ಕೆ ಡೀಸೆಲ್ಲೋ ಸುಟ್ಟೆಣ್ಣೆಯೋ ಹೊಡೆಯುವುದು ನಮ್ಮ ಕಡೆ ಕೇಳದೆಯೇ ಆಗುವ ಕೆಲಸ. ಬೆಲ್ಲೋ ರಬ್ಬರಿಗೆ ಎಣ್ಣೆ ಶತ್ರು. ಬರೀ ನೀರು ಹೊಡೆಯಲು ಮೊದಲೇ ಹೇಳಿ. ಎರೆಮಣ್ಣು ಮಡಿಕೆಯ ನಡುವೆ ತುಂಬಿ ಒಣಗಿದರೆ ಉಪ್ಪುಕಾಗದದಂತೆ ತಿಕ್ಕುತ್ತದೆ. ಹೊಲಕ್ಕೆ ಇಳಿಸಿ ಬಂದ ದಿನವೇ ತೊಳೆದರೆ ಒಳ್ಳೆಯದು. ಚಾಸಿಗೆ ಜಾಕ್ ಕೊಟ್ಟು ಎತ್ತುವ ಯಾವ ಕೆಲಸಕ್ಕೂ ಮೊದಲು ಹವಾ 5ಕ್ಕೆ ಇಳಿಸಿ. ಇಲ್ಲವಾದರೆ ಹೌಸಿಂಗ್ ಜೋತುಬಿದ್ದಾಗ ಬೆಲ್ಲೋ ಮಿತಿಮೀರಿ ಚಾಚಿಕೊಳ್ಳುತ್ತದೆ. ಗಾಡಿ ಬೇರೆಯವರ ಕೈಗೆ ಕೊಡುವಾಗ ಇದನ್ನು ಹೇಳದೆ ಕೊಡಬೇಡಿ.

ದಾರಿಯಲ್ಲಿ ಒಂದು ಬೆಲ್ಲೋ ಹರಿದರೆ ಇನ್ನೊಂದರ ಹವಾವನ್ನೂ 5ಕ್ಕೆ ಇಳಿಸಿ, ಒಂದೇ ಕಡೆ ಎತ್ತಿದ ಗಾಡಿ ತಿರುವಿನಲ್ಲಿ ಮಗುಚುವ ಹಾಗಿರುತ್ತದೆ. ಟ್ರೇಲರನ್ನು ಅಲ್ಲೇ ಬಿಚ್ಚಿ, ಬಾಡಿಯ ಸಾಮಾನು ಇಳಿಸಿ. ಒಳಗೆ ಗುಟ್ಟ ಇರುವ ಬೆಲ್ಲೋ ಆದರೆ ನಿಧಾನಕ್ಕೆ ಊರು ಸೇರಬಹುದು. ಇಲ್ಲದಿದ್ದರೆ ಹರಿದದ್ದನ್ನು ಬಿಚ್ಚಿ, ಡಬ್ಬಿಯಲ್ಲಿ ಎತ್ತಿಟ್ಟ ಬಂಪ್ ಸ್ಟಾಪ್ ಅದರ ಜಾಗಕ್ಕೆ ಹಾಕಿ ಓಡಿಸಿ. ಆ ಡಬ್ಬಿ, ಎರಡು ಮೀಟರ್ ಪೈಪು, ಫಿಟ್ಟಿಂಗ್ ಎರಡು, ಒಂದು ಹೊಸ ಬ್ಲೇಡು ಸೀಟಿನ ಹಿಂದೆ ಇರಲಿ.